ಕ್ವೇಸಾರ್‌ನ ಊಟದ ದಾರಿ

ತಂಗಿ ಪರದೆಯ ಮೇಲೆ ಚಿತ್ರ ತೆರೆದಿಟ್ಟಾಗ ಅಕ್ಕನ ಬಾಯಲ್ಲಿ "ಭೇಷ್" ಬಂತು, ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಒಡಹುಟ್ಟಿದವಳೆಂದು ಹೊಟ್ಟೆಕಿಚ್ಚು ರಿಯಾಯಿತಿ ಕೊಡುತ್ತದೆಯೇ? ಇನ್ನಷ್ಟು ಉರಿಯುತ್ತದೆ. ಇಬ್ಬರೂ ಒಂದೇ ಖಗೋಳ ಸಂಸ್ಥೆಯಲ್ಲಿ, ಒಂದೇ ಕೋಣೆಯಲ್ಲಿ ಕೆಲಸಕ್ಕಿದ್ದವರು. ಕ್ವೇಸಾರ್‌ಗಳೆಂಬ ಅತಿ ದೂರದ, ಅತಿ ಬೆಳಕಿನ ಆಕಾಶಕಾಯಗಳ ಒಡಲಲ್ಲಿ ಕೂತ ದೈತ್ಯ ಕಪ್ಪುಕುಳಿಗಳು ವಿಶ್ವದ ಎಳೆಪ್ರಾಯದಲ್ಲೇ ಅಷ್ಟು ಬೇಗ ಕೊಬ್ಬಿದ್ದು ಹೇಗೆ, ಊಟ ಯಾವ ದಾರಿಯಲ್ಲಿ ಬಂತು ಎಂದು ತಲೆ ಕೆಡಿಸಿಕೊಂಡೇ ಅಕ್ಕನ ಕೂದಲು ಬೆಳ್ಳಗಾಗಿತ್ತು. ಈಗ ನೋಡಿದರೆ, ನಿನ್ನೆ ಮೊನ್ನೆ ಬಂದ ತಂಗಿಯ ಚಿತ್ರದಲ್ಲಿ ಅನಿಲದ ತೆಳ್ಳನೆಯ ಧಾರೆಯೊಂದು ಹೊರಗಿನಿಂದ ಸುತ್ತಿಕೊಂಡು ಬಂದು ಕುಳಿಯ ಬಾಯಿಗೇ ಇಳಿಯುತ್ತಿತ್ತು!

"ಲೇಖನ ಇವತ್ತೇ ಕಳಿಸ್ಬೇಕು ಅಕ್ಕ. ನೀನೊಂದ್ಸಲ ನೋಡಿ ಸರಿ ಅಂದ್ರೆ ಸಾಕು."

ನೋಡಿದಳು, ತಪ್ಪು ಹುಡುಕುವ ಕಣ್ಣಲ್ಲೇ ನೋಡಿದಳು. ಕುಳಿಗೆ ಬೀಳುವ ಅನಿಲ ಕಾದು ಎಷ್ಟು ಝಗಝಗಿಸುತ್ತದೆಂದರೆ, ಆ ಬೆಳಕನ್ನು ಚಿತ್ರದಿಂದ ಕಳೆಯದೆ ಸುತ್ತಲಿನದು ಏನೂ ಕಾಣದು. ಹಾಗೆ ಕಳೆಯುವ ಪ್ರೋಗ್ರಾಂ ಒಂದನ್ನು ಅಕ್ಕನೇ ಬರೆದಿದ್ದಳು. ತಂಗಿ ಬೇರೆಯದನ್ನು ಬಳಸಿದ್ದಳು. ಅಕ್ಕ ತನ್ನದನ್ನು ಓಡಿಸಿದಳು. ಧಾರೆ ಮಾಯ! ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಇದು ಅನಿಲ ಅಲ್ಲ ಕಣೇ, ಕ್ಯಾಮೆರಾದ ದೋಷ," ಎಂದಳು, ಆದಷ್ಟು ಸಪ್ಪೆ ಮುಖ ಮಾಡಿಕೊಂಡು.

"ನೀನೇ ಹೇಳಿದ್ಮೇಲೆ ಮುಗೀತು ಬಿಡು," ಎಂದ ತಂಗಿ, ಲೇಖನ ಕೈಬಿಡೋಣವೆಂದು ತಂಡದವರಿಗೆ ಹೇಳಲು ಫೋನ್ ಹಚ್ಚಿದಳು.

ಅಷ್ಟರಲ್ಲಿ ಅಕ್ಕನ ಕಣ್ಣು ಎರಡನೆಯ ಚಿತ್ರದ ಮೇಲೆ ಬಿತ್ತು. ತಂಗಿ ಕ್ಯಾಮೆರಾವನ್ನು ಓರೆಗೆ ತಿರುಗಿಸಿ ಅದೇ ಕ್ವೇಸಾರ್‌ನ ಚಿತ್ರವನ್ನು ಮತ್ತೊಮ್ಮೆ ತೆಗೆದಿದ್ದಳು. ಹಾಗೆ ತೆಗೆಯಬೇಕೆಂದು ಕೈಹಿಡಿದು ಕಲಿಸಿದ್ದು ಇದೇ ಅಕ್ಕ. ಕ್ಯಾಮೆರಾದ ದೋಷವಾದರೆ ಕ್ಯಾಮೆರಾದ ಜೊತೆ ತಿರುಗಬೇಕು, ಆಕಾಶದ್ದಾದರೆ ಇದ್ದಲ್ಲೇ ಇರಬೇಕು. ಧಾರೆ ಪಕ್ಕದ ನಕ್ಷತ್ರಗಳ ನಡುವೆ ಇದ್ದಲ್ಲೇ ಇತ್ತು. ಅಕ್ಕನ ಪ್ರೋಗ್ರಾಂ ಅದನ್ನು ಕಸವೆಂದು ಗುಡಿಸುತ್ತಿತ್ತು. ಇಷ್ಟು ವರ್ಷ ಅವಳದೇ ಚಿತ್ರಗಳಿಂದಲೂ ಗುಡಿಸಿ ಹಾಕಿತ್ತು.

ಸುಮ್ಮನಿದ್ದುಬಿಟ್ಟರೆ? ಕೇಳುವವರು ಯಾರು? ತನ್ನ ಹಳೆಯ ಚಿತ್ರಗಳು ಹೇಗೂ ಇವೆ, ಒಂದಷ್ಟು ದಿನ ಬಿಟ್ಟು ತಾನೇ ಕಂಡುಹಿಡಿದಂತೆ... ಆ ಯೋಚನೆಗೆ ಅವಳಿಗೇ ಹೇಸಿಗೆಯಾಯಿತು. ಆದರೂ ಅದನ್ನು ಬಿಡಲು ಮನಸ್ಸು ಬರಲಿಲ್ಲ. ಅತ್ತ ಫೋನ್ ರಿಂಗಾಗುತ್ತಲೇ ಇತ್ತು.

"ಇಡೇ ಫೋನು! ಧಾರೆ ನಿಜ. ಎರಡನೇ ಚಿತ್ರ ನೋಡ್ದೆ ಹೇಳ್ಬಿಟ್ಟೆ."

"ನೋಡ್ದೇನಾ? ನೀನಾ?"

"ಹೊಟ್ಟೆಕಿಚ್ಚು ಕಣೇ. ನೋಡೋಕೆ ಮನಸ್ಸಿರ್ಲಿಲ್ಲ."

ತಂಗಿ ಜಗಳವಾಡಿದ್ದರೆ ಅಕ್ಕನಿಗೆ ಎಷ್ಟೋ ಹಗುರಾಗುತ್ತಿತ್ತು. ಆದರೆ ತಂಗಿ ಫೋನ್ ಕೆಳಗಿಟ್ಟು ಲೇಖನ ಕಳಿಸಿದಳು. ಆಮೇಲೆ ಪರದೆಯಿಂದ ಕಣ್ಣು ತೆಗೆಯದೆ, "ಮುಂದಿನದನ್ನ ಬೇರೆ ಯಾರ ಹತ್ರಾನಾದ್ರೂ ನೋಡಿಸ್ಕೊಳ್ತೀನಿ, ಅಕ್ಕ," ಎಂದಳು.