ಇಚಾರಣೆ

“ಕೇಳ್ರಪ್ಪಾ ಕೇಳ್ರಿ, ಇಲ್ಲೊಬ್ರು ಪಂಡಿತ್ರು ಬರ್ದವ್ರೆ!” ಶಿವಶಂಕರ ಉದ್ದನೆಯ ನೋಟ್‌ಬುಕ್ಕನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು, ಪಂಚಾಂಗ ಓದುವವನ ಹಾಗೆ ರಾಗ ಎಳೆದ. “‘ಈ ಆಟದ ಕತೆ ಚನ್ನಾಗದೆ. ಇಚಾರಣೆ ಇನ್ನೂ ಚನ್ನಾಗದೆ. ತಗೀಬೇಡಿ. ನಿಂಗರಾಜು.’ ಇಚಾರಣೆ ಅಂತೆ ಕಣ್ರೋ! ‘ವಿ’ಗೆ ಏನ್ಲಾ ಆಯ್ತು, ರಜಾ ಆಕ್ತಾ? ಏಳ್ನೇ ಕ್ಲಾಸೂ ದಾಟ್ದೆ ಗೂಡು ಬೇಯಿಸಾಕೆ ಸೇರ್ಕಂಡೋನು ನೀನು. ಕೀಬೋರ್ಡಿಗೆಲ್ಲ ಹುಳಿನ ವಾಸ್ನೆ ಮೆತ್ತೋನು. ನಿಂಗ್ಯಾಕ್ಲಾ ಕತೆ ಬಗ್ಗೆ ಅಭಿಪ್ರಾಯ?”

ಕಂಪ್ಯೂಟರುಗಳ ಮುಂದೆ ಕೂತಿದ್ದ ಆರು ಹುಡುಗರೂ ತಿರುಗಿ ನಕ್ಕರು. ಒಬ್ಬ ಮೂಗು ಮುಚ್ಚಿಕೊಂಡ.

ನಿಂಗರಾಜು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದವನು ಒಂದೇ ಕಾಲಲ್ಲಿ ನಿಂತುಬಿಟ್ಟ. ಆ ಮೂರು ಸಾಲು ಬರೆಯಲು ಹೋದ ಭಾನುವಾರ ಅವನಿಗೆ ಕಾಲು ಗಂಟೆ ಹಿಡಿದಿತ್ತು. ಬೆಳಗ್ಗೆಯಿಂದ ಸಂಜೆಯವರೆಗೆ ರೀಲಿಂಗ್ ಶೆಡ್ಡಿನ ಬಿಸಿನೀರಲ್ಲಿ ರೇಷ್ಮೆಗೂಡು ತಿರುವಿ ತಿರುವಿ ಬೆರಳ ತುದಿ ಬೆಳ್ಳಗೆ ನೆನೆದಿರುತ್ತದೆ, ಪೆನ್ನು ನಿಲ್ಲುವುದಿಲ್ಲ. ಆದರೂ ಬರೆದಿದ್ದ. ಏಳನೇ ಕ್ಲಾಸಿನಲ್ಲೂ ಹೀಗೇ ಮೇಷ್ಟ್ರು ಅವನ ಕಾಪಿಯನ್ನು ಗಟ್ಟಿಯಾಗಿ ಓದಿ ಇಡೀ ಕ್ಲಾಸನ್ನು ನಗಿಸಿದ್ದರು. ಅವತ್ತು ಡಸ್ಟರ್ ಎಸೆದು ಹೊರಗೆ ಬಂದವನು ಮತ್ತೆ ಒಳಕ್ಕೆ ಕಾಲಿಟ್ಟಿರಲಿಲ್ಲ. ಈಗ ಕೈಗೆ ಸಿಗುವಂತೆ ಪಕ್ಕದಲ್ಲೇ ಒಂದು ಸ್ಟೂಲ್ ಇತ್ತು.

ಸ್ಟೂಲ್ ಎತ್ತಿದರೆ ಇವತ್ತಿಗೆ ಇಲ್ಲೂ ಮುಗಿಯಿತು ಅಂತ ಅವನಿಗೆ ಗೊತ್ತಿತ್ತು. ಒಳಗೆ ಬಂದ.

ಅದು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿ. ಯಶೋದ ಮೇಡಂ ಅಪ್ಪನ ಕಾಲದ ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ನಾಲ್ಕು ಕಂಪ್ಯೂಟರು ಹಾಕಿ ಎರಡು ವರ್ಷವಾಗಿತ್ತು. ಗೋಡೆಯ ಕಡೆ ಟೈಪ್‌ರೈಟರುಗಳು ಇನ್ನೂ ರೆಕ್ಸಿನ್ ಗೌಸು ಹೊದ್ದು ಕೂತಿದ್ದವು. ಭಾನುವಾರ ಮಾತ್ರ ಗೇಮಿಗೆ ಬಿಡುತ್ತಿದ್ದರು. ಹಾರ್ಡ್ ಡಿಸ್ಕಿನಲ್ಲಿ ಜಾಗ ಇರಲಿಲ್ಲ. ಹೊಸದೊಂದು ಬರಬೇಕೆಂದರೆ ಹಳೆಯದೊಂದು ಹೋಗಬೇಕು. ಯಾವುದು ಹೋಗಬೇಕು ಅಂತ ಆಡುವವರೇ ಬರೆಯಲಿ ಎಂದು ಮೇಡಂ ಆ ನೋಟ್‌ಬುಕ್ ಇಟ್ಟಿದ್ದರು. ಈ ಸಲ ಕ್ರಿಕೆಟ್ ಗೇಮಿನ ಸಿಡಿ ಮೈಸೂರಿನಿಂದ ಬಂದಿತ್ತು. ಹೋಗಬೇಕಾದ್ದು ‘ಟೋಪಿ ಗೇಮು’ ಅಂತ ಹನ್ನೊಂದು ಜನ ಬರೆದಿದ್ದರು. ಬೇಡ ಅಂದವನು ಒಬ್ಬನೇ.

ಟೋಪಿ ಗೇಮಿಗೆ ಬೇರೆ ಹೆಸರಿತ್ತೋ ಏನೋ, ಸಿಡಿಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ‘ಡಿಟೆಕ್ಟಿವ್’ ಅಂತಷ್ಟೇ ಬರೆದಿತ್ತು. ಯಾವಾಗಲೂ ಮಳೆ ಸುರಿಯುವ ಯಾವುದೋ ದೇಶದ ಊರು. ದೊಡ್ಡ ಮನೆಯ ಮುದುಕ ಯಜಮಾನ ಮೆಟ್ಟಿಲ ಕೆಳಗೆ ಸತ್ತು ಬಿದ್ದಿರುತ್ತಾನೆ. ಟೋಪಿ ಹಾಕಿದ ಪತ್ತೇದಾರ ಡ್ರೈವರನ್ನೂ ಯಜಮಾನನ ಅಣ್ಣನ ಮಗನನ್ನೂ ಅಡುಗೆಯ ಮುದುಕಿಯನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿ ಕೇಳಬೇಕು. ಒಂದು ಮೇಜು, ಒಂದು ದೀಪ, ಎದುರಾಬದುರು ಎರಡು ಕುರ್ಚಿ. ಕೆಳಗೆ ಮೂರು ಬಟನ್ನು: ಕೆಂಪು ಒತ್ತಿದರೆ ಗದರುತ್ತಾನೆ, ಹಳದಿ ಒತ್ತಿದರೆ ಸಾಕ್ಷಿ ತೋರಿಸುತ್ತಾನೆ, ನೀಲಿ ಒತ್ತಿದರೆ ಇನ್ನೊಂದು ಪ್ರಶ್ನೆ ಕೇಳುತ್ತಾನೆ. ಮೇಲುಗಡೆ ಒಂದು ಹಸಿರು ಗೆರೆ. ತಪ್ಪು ಒತ್ತಿದ ಹಾಗೆಲ್ಲ ಅದು ಮೋಟಾಗುತ್ತಾ ಹೋಗಿ, ಮುಗಿದಾಗ ಎದುರಿಗೆ ಕೂತವರು ಎದ್ದು ಹೋಗಿಬಿಡುತ್ತಾರೆ. ಅಡುಗೆಯ ಮುದುಕಿ ಎಲ್ಲರಿಗೂ ಎದ್ದು ಹೋಗಿದ್ದಳು. ಅವಳಿಂದಾಚೆಗೆ ಕೊಳ್ಳೇಗಾಲದಲ್ಲಿ ಯಾರೂ ದಾಟಿರಲಿಲ್ಲ. ಯಜಮಾನನನ್ನು ಕೊಂದವರು ಯಾರು ಅಂತ ತಿಳಿಯದೆ ನಿಂಗರಾಜು ಮೂರು ತಿಂಗಳಿಂದ ಗೂಡು ಬೇಯಿಸುತ್ತಿದ್ದ. ಇವತ್ತು ಗೇಮು ಹೋದರೆ ಅವನು ಅಲ್ಲಿಯವರೆಗೆ ಆಡಿದ್ದೂ ಹೋಗುತ್ತದೆ, ಅವಳೂ ಹೋಗುತ್ತಾಳೆ.

“ಅರ್ಧ ಗಂಟೆ ಆಡಿದ್ರೂ ಒಂದು ಗುಂಡು ಹಾರಲ್ಲ, ಅದೂ ಒಂದು ಕತೇನಾ?” ಅಂದ ಒಬ್ಬ.

“ಟೋಪಿ ಆಕ್ಕಂಡು ಬಂದು ನಮ್ಗೇ ಟೋಪಿ ಆಕ್ತಾನೆ.”

“ಡ್ರೈವರ್ರೇ ಕಣ್ಲಾ ಕೊಂದಿರದು. ಮೀಸೆ ನೋಡು.”

“ಕೆಂಪು ಒತ್ತುದ್ರೂ ಬಾಯ್ ಬುಡಲ್ಲ ಅಂದ್ರೆ ಅದೆಂಥಾ ಪೊಲೀಸು?” ಅಂದ ಶಿವಶಂಕರ. ಅವನು ಕಾಲೇಜಿನಲ್ಲಿ ಬಿ.ಕಾಂ. ಎರಡನೇ ವರ್ಷ. ಅವನು ಹೇಳಿದ ಮೇಲೆ ಮುಗಿಯಿತು. “ನಮ್ಮೂರಲ್ಲಿ ಕೋಳಿ ಕದಿಯೋನೂ ಒಂದ್ ಕಿತ ಗದರುದ್ರೆ ಒಪ್ಕತಾನೆ. ಬರೆಯೋಕೆ ಬರ್ದೇ ಇರೋರು ಮಾಡಿರೋ ಕತೆ ಅದು.”

“ಗದರುದ್ರೆ ಎದ್ದು ಓಯ್ತಾಳೆ. ಅದೇ ನಿಜ,” ಅಂದ ನಿಂಗರಾಜು. “ನಾನೂ ಎದ್ದು ಓಗಿವ್ನಿ. ಆ ಮುದ್ಕಿ ಕಳ್ಳಿ ಅಲ್ಲ, ಎದ್ರಕಂಡವ್ಳೆ.”

“ಅವ್ಳಾಡೋ ಇಂಗ್ಲಿಷು ಒಂದಕ್ಷರ ಗೊತ್ತಾಯ್ತದೇನ್ಲಾ ನಿಂಗೆ?”

“ಮಕ ಕಾಣಲ್ವಾ?”

ಮತ್ತೆ ನಕ್ಕರು. ಯಶೋದ ಮೇಡಂ ಮಾತ್ರ ನಗಲಿಲ್ಲ. ಕ್ರಿಕೆಟ್ಟಿನ ಸಿಡಿಯನ್ನು ಸೆರಗಿನಲ್ಲಿ ಒರೆಸುತ್ತಾ, “ಬಾಯಲ್ಲಿ ಬೇಡ. ಮೂರನೇ ಮಿಷಿನ್ನಲ್ಲಿ ಕೂತ್ಕೋ, ನಿಂಗರಾಜು. ಆ ಅಜ್ಜಿ ಬಾಯಿ ಬಿಡಿಸ್ದೆ ಅಂದ್ರೆ ಗೇಮು ಇರುತ್ತೆ. ಇಲ್ಲಾಂದ್ರೆ ತೆಗೀತೀನಿ. ಯಾರೂ ಮಾತಾಡೋ ಹಾಗಿಲ್ಲ,” ಅಂದರು.

ಅವನು ಕೂತ. ಎಲ್ಲರೂ ಬಂದು ಬೆನ್ನಿಗೆ ನಿಂತರು. ಕಿವಿಯ ಹತ್ತಿರ ಶಿವಶಂಕರ ಮೆಲ್ಲಗೆ, “ಇಚಾರ್ಸಪ್ಪಾ, ಇಚಾರ್ಸು,” ಅಂದ.

ನಿಂಗರಾಜುವಿಗೆ ಕ್ಯಾಣ ನೆತ್ತಿಗೇರಿತು. ಮುದುಕಿ ಬಂದು ಕುರ್ಚಿಯಲ್ಲಿ ಕೂರುತ್ತಿದ್ದ ಹಾಗೆಯೇ ಬೆರಳು ತನ್ನಷ್ಟಕ್ಕೆ ಕೆಂಪು ಒತ್ತಿತು. ಟೋಪಿಯವನು ಮೇಜು ಗುದ್ದಿದ. ಹಸಿರು ಗೆರೆ ಅರ್ಧಕ್ಕೆ ಇಳಿಯಿತು. ಇನ್ನೊಂದು ಸಲ ಒತ್ತಿದ. ಯಾಕೆ ಒತ್ತಿದೆ ಅಂತ ಅವನಿಗೇ ತಿಳಿಯಲಿಲ್ಲ, ಅವನು ಗದರುತ್ತಿದ್ದುದು ಮುದುಕಿಯನ್ನಲ್ಲ. ಗೆರೆ ಉಗುರಿನಷ್ಟು ಉಳಿಯಿತು.

“ಎದ್ಲು, ಎದ್ಲು,” ಅಂತ ಹಿಂದೆ ಯಾರೋ ಪಿಸುಗುಟ್ಟಿದರು.

ಮುದುಕಿ ಎದ್ದಿರಲಿಲ್ಲ. ಕುರ್ಚಿಯ ಅಂಚಿಗೆ ಜರುಗಿ ಕೂತಿದ್ದಳು. ತುಟಿ ಒಣಗಿದವರ ಹಾಗೆ ನಾಲಿಗೆ ಆಡಿಸಿಕೊಂಡಳು. ಗೊಂಬೆಯೇ, ಆದರೂ ಯಾರೋ ಪುಣ್ಯಾತ್ಮರು ಕೂತು ಆ ನಾಲಿಗೆಯನ್ನು ಮಾಡಿದ್ದರು. ನಿಂಗರಾಜು ಮೌಸಿನಿಂದ ಕೈ ತೆಗೆದ. ಹೋದ ತಿಂಗಳು ಶಾಗ್ಯದಿಂದ ಚಿಕ್ಕಮ್ಮ ಚಿಕ್ಕಮಾದಮ್ಮ ಗಂಡನ ಕೂಡ ಜಗಳವಾಡಿ ಒಬ್ಬಳೇ ಬಸ್ ಹತ್ತಿ ಬಂದಿದ್ದಳು. ಹಣೆ ಊದಿತ್ತು. ಅವ್ವ ರಾಚಮ್ಮ ಏನಾಯ್ತು ಅನ್ನಲಿಲ್ಲ. ಒಂದು ಚೊಂಬು ನೀರು ಕೊಟ್ಟು, ಎದುರಿಗೆ ಕೂತು ಅವರೆಕಾಯಿ ಬಿಡಿಸತೊಡಗಿದಳು. ಅರ್ಧ ಮೊರ ಬಿಡಿಸುವಷ್ಟರಲ್ಲಿ ಚಿಕ್ಕಮ್ಮ ತಾನಾಗಿ ಎಲ್ಲ ಹೇಳಿಬಿಟ್ಟಿದ್ದಳು.

ಮೇಜಿನ ಮೇಲೆ, ದೀಪದ ನೆರಳಲ್ಲಿ, ಒಂದು ಜಗ್ಗು, ಒಂದು ಗ್ಲಾಸು ಇದ್ದವು. ಮೂರು ತಿಂಗಳಿಂದ ಅಲ್ಲೇ ಇದ್ದವು. ಅವು ಬಟನ್ನಲ್ಲ ಅಂತ ಯಾರೂ ಮುಟ್ಟಿರಲಿಲ್ಲ. ಅವನು ಬಾಣದ ಗುರುತನ್ನು ಒಯ್ದು ಜಗ್ಗಿನ ಮೇಲಿಟ್ಟ. ಬಾಣ ಕೈಯ ಆಕಾರವಾಯಿತು.

“ಲೇ, ಅದೇನ್ಲಾ!”

ಒತ್ತಿದ. ಟೋಪಿಯವನು ನೀರು ಬಗ್ಗಿಸಿ ಗ್ಲಾಸನ್ನು ಮುದುಕಿಯ ಕಡೆ ತಳ್ಳಿದ. ಮುದುಕಿ ಗ್ಲಾಸನ್ನು ನೋಡಿದಳು, ಟೋಪಿಯವನನ್ನು ನೋಡಿದಳು. ಎರಡೂ ಕೈಯಲ್ಲಿ ಹಿಡಿದು ಕುಡಿದಳು. ಮೂರು ಬಟನ್ನೂ ಮಿಣಮಿಣ ಅಂತ ಕರೆಯುತ್ತಿದ್ದವು.

“ನೀಲಿ ಒತ್ತು!” “ಹಳ್ದಿ, ಹಳ್ದಿ ಒತ್ಲಾ!” “ಟೈಮ್ ಓಯ್ತದೆ!”

ನಿಂಗರಾಜು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ಬೆನ್ನ ಹಿಂದೆ ಕೂಗುತ್ತಿದ್ದವರೂ ಒಬ್ಬೊಬ್ಬರಾಗಿ ಸುಮ್ಮನಾದರು. ಮುದುಕಿ ಗ್ಲಾಸನ್ನು ಕೆಳಗಿಟ್ಟಳು. ಬಾಯಿ ಒರೆಸಿಕೊಂಡಳು. ಆಮೇಲೆ ಮಾತಾಡಿದಳು. ನಿಲ್ಲದೆ ಮಾತಾಡಿದಳು, ಮೂರು ತಿಂಗಳಿಂದ ಯಾರೂ ಕೇಳಿರದ ದನಿಯಲ್ಲಿ.

ಯಶೋದ ಮೇಡಂ ಬಗ್ಗಿ ನಿಂತು ಕೇಳಿಸಿಕೊಂಡು ಹೇಳುತ್ತಾ ಹೋದರು: “‘ಯಜಮಾನ್ರು ಸತ್ತ ಮೇಲೆ ಎಲ್ಲಾರೂ ಬಂದು ನನ್ನನ್ನ ಕೇಳಿದ್ರು. ಒಬ್ರೂ ಒಂದು ತೊಟ್ಟು ನೀರು ಕೊಡ್ಲಿಲ್ಲ’ ಅಂತಿದಾಳೆ. ‘ಅವತ್ತು ಮೆಟ್ಟಿಲ ಮೇಲೆ ಇಬ್ಬರ ಹೆಜ್ಜೆ ಕೇಳಿಸ್ತು. ಎರಡನೇದು ಯಾರ್ದು ಅಂತ ನಂಗೊತ್ತು’ ಅಂತಿದಾಳೆ…”

ಮುದುಕಿ ಮಡಿಲಿಂದ ಒಂದು ಬೀಗದ ಕೈ ತೆಗೆದು ಮೇಜಿನ ಮೇಲಿಟ್ಟಳು. ಪರದೆ ಕಪ್ಪಾಗಿ, ಅಲ್ಲಿಯವರೆಗೆ ಯಾರೂ ಕಂಡಿರದ ಒಂದು ಬಾಗಿಲು ಕಿರ್ ಎಂದು ತೆರೆಯಿತು.

“ಅಯ್ಯಯ್ಯೋ!” ಅಂದ ಮೂಗು ಮುಚ್ಚಿಕೊಂಡಿದ್ದವನು.

“ನೀರು ಕೊಡ್ಬೇಕು ಅಂತ ಹೇಗೆ ಹೊಳೀತು ನಿಂಗೆ?” ಮೇಡಂ ಕೇಳಿದರು.

“ಇಚಾರಿಸೋದು ಅಂದ್ರೆ ಮೊದ್ಲು ನೀರು ಕೊಡದಲ್ವಾ ಮೇಡಂ?” ಅಂದ. ಬೇರೆ ಥರವೂ ಇದೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ ಅನ್ನುವ ಹಾಗೆ.

ಮೇಡಂ ನೋಟ್‌ಬುಕ್ಕು ತೆಗೆದುಕೊಂಡು ಹನ್ನೊಂದು ಸಾಲನ್ನೂ ಒಂದೇ ಗೀಟಿನಲ್ಲಿ ಹೊಡೆದು ಹಾಕಿದರು. ನಿಂಗರಾಜು ಬರೆದ ಸಾಲಿನ ಮೇಲೆ ಪೆನ್ನು ಒಂದು ಗಳಿಗೆ ನಿಂತಿತು. ‘ಇಚಾರಣೆ’ಯನ್ನು ಅವರು ತಿದ್ದಲಿಲ್ಲ. “ಟೈಪಿಂಗ್ ಕಲಿಸೋ ಪ್ರೋಗ್ರಾಮ್ ತೆಗ್ದು ಕ್ರಿಕೆಟ್ ಹಾಕ್ತೀನಿ. ಹೆಂಗೂ ನೀವ್ಯಾರೂ ಕಲಿಯೋರಲ್ಲ,” ಅಂದರು.

ಹುಡುಗರು ಹೋ ಎಂದು ಕ್ರಿಕೆಟ್ಟಿಗೆ ಮುಗಿಬಿದ್ದರು. ನಿಂಗರಾಜು ಮೂರನೇ ಮಿಷಿನ್ನಿನಲ್ಲಿ ಮುಂದಕ್ಕೆ ಆಡಿದ. ಬಾಗಿಲು, ಕತ್ತಲೆಯ ಕೋಣೆ, ಒಂದು ಒದ್ದೆ ಕೋಟು. ಮೇಡಂ ಆಗಾಗ ಬಂದು ಎರಡು ಮಾತು ಹೇಳಿ ಹೋಗುತ್ತಿದ್ದರು. ಶಿವಶಂಕರ ಮೊದಲನೇ ಓವರಿನಲ್ಲೇ ಎರಡು ಸಲ ಬೌಲ್ಡಾದ, ಅವನ ಕುತ್ತಿಗೆ ಮೂರನೇ ಮಿಷಿನ್ನಿನ ಕಡೆಗೇ ತಿರುಗುತ್ತಿತ್ತು. ನಾಲ್ಕು ಗಂಟೆಗೆ ನಿಂಗರಾಜು ಕುರ್ಚಿಗೆ ಒರಗಿ ಉಸಿರು ಬಿಟ್ಟ. ಮೇಡಂ ಕಿವಿಯಲ್ಲಿ ಒಂದು ಹೆಸರು ಹೇಳಿದ. ಮೇಡಂ ಬಾಯಿಗೆ ಕೈ ಇಟ್ಟುಕೊಂಡರು.

ಚಪ್ಪಲಿ ಮೆಟ್ಟಿ ಹೊರಗೆ ಬಂದರೆ ಟೀ ಅಂಗಡಿಯ ಬೆಂಚಿನ ಮೇಲೆ ಶಿವಶಂಕರ ಕೂತಿದ್ದ. ಪಕ್ಕದಲ್ಲಿ ಹೊಗೆಯಾಡುವ ಎರಡು ಗ್ಲಾಸು.

“ಬಾರ್ಲಾ ನಿಂಗ. ಕೂತ್ಕ. ಟೀ ಕುಡಿ.”

ನಿಂಗರಾಜು ಗ್ಲಾಸುಗಳನ್ನು ನೋಡಿದ, ಅವನನ್ನು ನೋಡಿದ. ಕೂತ. ಟೀ ಎತ್ತಿಕೊಂಡು ಊದಿ ಊದಿ ಕುಡಿಯತೊಡಗಿದ. ಶಿವಶಂಕರ ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ. ಕುಂತೂರಿನ ಕಡೆ ಕಬ್ಬಿನ ಟ್ರಾಕ್ಟರೊಂದು ಗಡಗಡ ಸದ್ದು ಮಾಡುತ್ತಾ ಹೋಯಿತು. ಅದು ತಿರುವು ದಾಟುವವರೆಗೂ ಅವನು ಬಾಯಿ ಬಿಗಿಹಿಡಿದಿದ್ದ. ಅಷ್ಟೇ ಅವನ ಕೈಲಾದದ್ದು.

“ಯಾರ್ಲಾ ಕೊಂದೋನು? ಅಣ್ಣನ್ ಮಗ್ನಾ?”

ನಿಂಗರಾಜು ಇನ್ನೊಂದು ಗುಟುಕು ಕುಡಿದ.

“ಡ್ರೈವರ್ರಾ? ಡ್ರೈವರ್ ತಾನೆ? ಮೀಸೆ ನೋಡಿ ನಾನು ಅವತ್ತೇ ಅಂದ್ಕಂಡಿದ್ದೆ… ಯೋಳ್ಲಾ. ಬೆಳಗ್ಗೆ ಏನೋ ತಮಾಸೆಗಂದೆ, ಅದ ಮನಸ್ಸಲ್ಲಿಟ್ಕಬೇಡ.”

ಟೀ ಚೆನ್ನಾಗಿತ್ತು. ಶುಂಠಿ ಜಜ್ಜಿ ಹಾಕಿದ್ದರು.

“ನಂಗೂ ಆ ಇಂಗ್ಲಿಷು ಅರ್ಥ ಆಯ್ತಿರ್ನಿಲ್ಲ ಕಣ್ಲಾ,” ಅಂದ ಶಿವಶಂಕರ. ದನಿ ಇಳಿದಿತ್ತು. ಅಂಗಡಿಯವನಿಗೆ ಕೇಳದ ಹಾಗೆ ಬಗ್ಗಿಕೊಂಡ. “ಕಾಲೇಜಲ್ಲಿ ಇದೇ ಅವಸ್ಥೆ. ಎರಡು ಪೇಪರು ಓಗವೆ. ನಮ್ಮಪ್ಪಂಗೆ ಯೋಳಿಲ್ಲ. ಅವ್ಳು ಏನಂತವ್ಳೆ ಅಂತ ತಿಳೀದಿದ್ರೆ ನಾನು ಸುಮ್ನೆ ಕೆಂಪು ಒತ್ತೋದು… ಯಾರ್ಗೂ ಅನ್ಬೇಡ ಕಣ್ಲಾ.”

ನಿಂಗರಾಜು ಕೊನೆಯ ಗುಟುಕನ್ನೂ ಕುಡಿದ. ಗ್ಲಾಸನ್ನು ಒಂದು ಸಲ ಕೊಡವಿ ಬೆಂಚಿನ ಮೇಲಿಟ್ಟ. ನೆನೆದು ಬಿಳಿಚಿದ ಬೆರಳುಗಳು ಬೆಚ್ಚಗಾಗಿದ್ದವು. ಎದ್ದು, ಶಿವಶಂಕರನ ಭುಜದ ಮೇಲೆ ಆ ಕೈಯನ್ನು ಒಂದು ಗಳಿಗೆ ಇಟ್ಟು, ತೆಗೆದುಕೊಂಡು, ಬಸ್ ಸ್ಟ್ಯಾಂಡಿನ ಕಡೆ ನಡೆದ.

“ಲೇ! ಯಾರು ಅಂತನಾದ್ರೂ ಯೋಳೋಗ್ಲಾ!”

ಬೆಂಚಿನ ಮೇಲೆ ಶಿವಶಂಕರನ ಟೀ ಹಾಗೇ ಇತ್ತು. ಅದರ ಮೇಲೆ ಆಗಲೇ ತೆಳ್ಳಗೆ ಕೆನೆ ಕಟ್ಟುತ್ತಿತ್ತು.