ಜಾವೇದ ಬರೆದ ಫೈಲು

ಸುಡುಗಾಡು ಕಂಪೈಲರಿಗೇನು ಗೊತ್ತು, ಬರೆದವನು ಇದ್ದಾನೋ ಹೋಗಿದ್ದಾನೋ! ಬರೆದ ಪ್ರೋಗ್ರಾಮನ್ನು ಯಂತ್ರದ ಭಾಷೆಗೆ ಇಳಿಸುವಾಗ ತಪ್ಪು ಕಂಡರೆ ಊರಿಗೆಲ್ಲ ಕೇಳುವಂತೆ ಕೂಗುತ್ತದೆ, ಅಷ್ಟೇ. ಆ ದಿನ ಬೆಳಿಗ್ಗೆಯಿಂದ ಅದು ಕೂಗುತ್ತಿದ್ದುದು ಜಾವೇದ ಬರೆದ ಫೈಲಿನ ಮೇಲೆ.

ಜಾವೇದ ಬೇವೂರಿನ ರಸ್ತೆಯಲ್ಲಿ ಬೈಕಿನಿಂದ ಬಿದ್ದು ತೀರಿಕೊಂಡು ಎರಡು ತಿಂಗಳಾಗಿತ್ತು. ಹೆಂಡತಿ ಮುಬಾಶಿರಾ ಗಂಗಾವತಿಯ ಮನೆಯಲ್ಲಿ, ಗಂಡ ಸತ್ತವರು ಪಾಲಿಸುವ ಇದ್ದತ್ ಕೂತಿದ್ದಳು. ಹೊಸ್ತಿಲು ದಾಟುವಂತಿಲ್ಲ, ಪರಗಂಡಸರೆದುರು ಬರುವಂತಿಲ್ಲ. ಇಬ್ಬರೂ ಕೊಪ್ಪಳದ ಒಂದೇ ಸಣ್ಣ ಕಂಪನಿಯವರು. ಆಸ್ಪತ್ರೆಯಲ್ಲಿ ಕೂಸುಗಳಿಗೆ ಹನಿಹನಿಯಾಗಿ ಔಷಧಿ ಬಿಡುವ ಪಂಪಿಗೆ ಅಲ್ಲಿ ಸಾಫ್ಟ್‌ವೇರ್ ಬರೆಯುತ್ತಾರೆ. ಸುಮ್ಮನೆ ಕೂತರೆ ಹುಚ್ಚು ಹಿಡಿದೀತು ಎಂದು ಜೊತೆಯಲ್ಲಿ ಕೆಲಸ ಮಾಡುವ ಆಂಜನೇಯ ಲ್ಯಾಪ್‌ಟಾಪ್ ತಂದು ಅವಳ ಅತ್ತೆಯ ಕೈಗೆ ಕೊಟ್ಟು ಹೋಗಿದ್ದ. ಹುಚ್ಚೇನೂ ಹಿಡಿದಿರಲಿಲ್ಲ. ಅವಳಿಗೆ ಏನೂ ಆಗುತ್ತಲೇ ಇರಲಿಲ್ಲ. ಚಹಾ ಕೊಟ್ಟರೆ ಕುಡಿಯುತ್ತಿದ್ದಳು, ಮಲಗು ಎಂದರೆ ಮಲಗುತ್ತಿದ್ದಳು, ಕಣ್ಣಲ್ಲಿ ಮಾತ್ರ ಒಂದು ಹನಿ ಇಲ್ಲ. ಮಾತಾಡಿಸಲು ಬಂದ ಹೆಂಗಸರು "ಏನ ಗಟ್ಟಿ ಅದಾಳವ್ವಾ!" ಎಂದು ಮೂಗಿನ ಮೇಲೆ ಬೆರಳಿಟ್ಟುಕೊಂಡು ಹೋದರು.

ಕಂಪನಿ ಈಗ ಹೊಸ ಭದ್ರತಾ ಫ್ಲ್ಯಾಗುಗಳನ್ನು ಹಾಕಿತ್ತು. ತಪ್ಪನ್ನು ನೋಡಿಯೂ ನೋಡದಂತೆ ಬಿಡಬೇಡ ಎಂದು ಕಂಪೈಲರಿಗೆ ಮಾಡುವ ತಾಕೀತು ಅದು. ಹಾಕಿದ್ದೇ ತಡ, ಸಾವಿರಾರು ಫೈಲುಗಳನ್ನು ಜೋಡಿಸಿ ಒಂದು ಮಾಡುವ ಬಿಲ್ಡ್ ನಡುವೆಯೇ ನಿಂತುಬಿಟ್ಟಿತು. ಮುಬಾಶಿರಾ ಒಂದೊಂದೇ ಫ್ಲ್ಯಾಗ್ ತೆಗೆದು ನೋಡುತ್ತ ಬಂದಳು. ಕೊನೆಗೆ ಒಂದು ಸಿಕ್ಕಿತು. ಅದು ತೆಗೆದರೆ ಬಿಲ್ಡ್ ಸರಾಗ, ಹಾಕಿದರೆ ಜಾವೇದನ ಫೈಲಿನಲ್ಲಿ ಸ್ಥಗಿತ. ಎಂಟು ಅಂಕಿ ಹಿಡಿಯುವ ಜಾಗಕ್ಕೆ ಅವನು ಒಂಬತ್ತನೆಯದನ್ನೂ ತುರುಕಿದ್ದ; ಅದು ಹೊರಚೆಲ್ಲಿ ಪಕ್ಕದಲ್ಲಿದ್ದ ಔಷಧಿಯ ಅಳತೆಯನ್ನೇ ಕೆಡಿಸಬಹುದಿತ್ತು.

ಆಂಜನೇಯ ಫೋನಿನಲ್ಲಿ ಹೇಳಿದ: "ಭಾಬಿ, ಆ ಒಂದ ಫೈಲಿಗೆ ಫ್ಲ್ಯಾಗ್ ತಗದ ಬಿಡ್ರಿ. ಇಷ್ಟ ದಿನ ಪಂಪ್ ಛಲೋನ ನಡದೈತಿ. ಅವನ ಹೆಸರಿಂದು ಅದರ ಇರಲಿ."

ಪ್ರತಿ ಸಾಲಿನ ಪಕ್ಕದಲ್ಲಿ ಬರೆದವರ ಹೆಸರಿರುತ್ತದೆ. ಅವಳು ತಿದ್ದಿದರೆ ಆ ಸಾಲಿನಿಂದ ಜಾವೇದ ಹೋಗಿ ಮುಬಾಶಿರಾ ಬರುತ್ತಾಳೆ. ತಿದ್ದದಿದ್ದರೆ ಎಂದೋ ಒಂದು ದಿನ ಯಾವುದೋ ಕೂಸಿಗೆ ಔಷಧಿ ಹೆಚ್ಚಾದೀತು. ಎಲ್ಲ ಗೊತ್ತಿದ್ದೂ ಬೆರಳು ಏಳಲಿಲ್ಲ.

"ಏನಾತು ಬೇಟಿ?" ಅಕ್ಕಿ ಆರಿಸುತ್ತಿದ್ದ ಅತ್ತೆ ಮೆಹಬೂಬಬೀ ಕೇಳಿದಳು. ಸೊಸೆ ಇದ್ದದ್ದು ಇದ್ದಂತೆ ಹೇಳಿದಳು.

ಮುದುಕಿ ಮೊರ ಕೆಳಗಿಟ್ಟಳು. "ಮಣ್ಣಿಗೆ ಒಯ್ಯೂ ಮುಂಚೆ ಜನಾಜಾ ಮುಂದಿಟ್ಟಾಗ ಅವರಪ್ಪ ಮಂದಿಗೆ ಏನ ಹೇಳಿದ್ರು? ನನ್ನ ಮಗನ ಕಡೆ ಯಾರ್ದರ ಬಾಕಿ ಇದ್ರ ನಮ್ಮನ್ನ ಕೇಳ್ರಿ ಅಂದ್ರು. ಇದೂ ಬಾಕಿನ. ಕೂಸುಗಳಿಗೆ ಕೇಳಾಕ ಬಾಯಿ ಇಲ್ಲ. ತೀರಿಸಿಬಿಡವಾ."

ಮುಬಾಶಿರಾ ತಿದ್ದಿದಳು. ತೆಗೆಯಬೇಕಾದದ್ದು ಒಂಬತ್ತನೆಯದನ್ನು ಒಳಗೆ ಬಿಡುತ್ತಿದ್ದ ಒಂದೇ ಒಂದು ಚಿಹ್ನೆ. ಬಿಲ್ಡ್ ಕೊನೆಯವರೆಗೂ ಓಡಿತು, ಸಾಲಿನ ಪಕ್ಕದ ಹೆಸರು ಬದಲಾಯಿತು. ಆಗಲೂ ಅವಳಿಗೆ ಏನೂ ಅನ್ನಿಸಲಿಲ್ಲ.

"ತೀರಿತೇನು?"

"ತೀರಿತು, ಅಮ್ಮಿ."

"ಮತ್ತೇನರ ಬಾಕಿ ಇಟ್ಟ ಹೋಗ್ಯಾನೇನ ನೋಡು," ಎಂದಳು ಮೆಹಬೂಬಬೀ. ಇರಲಿ ಎಂಬ ಆಸೆ ಆ ದನಿಯಲ್ಲಿತ್ತು.

ಮುಬಾಶಿರಾ ಅವನು ಬರೆದ ಫೈಲುಗಳನ್ನೆಲ್ಲ ತೆರೆದಳು. ಇದ್ದಬದ್ದ ಫ್ಲ್ಯಾಗುಗಳನ್ನೆಲ್ಲ ಹಾಕಿ ಮತ್ತೆ ಓಡಿಸಿದಳು. ಒಂದಾದರೂ ತಪ್ಪು ಸಿಗಬಾರದೇ, ಯಾ ಅಲ್ಲಾಹ್, ಒಂದಾದರೂ! ಕಂಪೈಲರ್ ಎಲ್ಲಿಯೂ ನಿಲ್ಲಲಿಲ್ಲ.

"ಇಲ್ಲ ಅಮ್ಮಿ," ಎಂದಳು. "ಉಳಿದದ್ದೆಲ್ಲಾ ಸರಿ ಬರದಾರ. ಅವರ ಸಲುವಾಗಿ ನಾ ಮಾಡೂದು ಇನ್ನ ಏನೂ ಉಳಿದಿಲ್ಲ."

ಹೇಳಿ ಮುಗಿಸುವುದರೊಳಗೆ ಎರಡು ತಿಂಗಳಿಂದ ಬಾರದ ಅಳು ಬಂತು.