ಸಸಿಗಳ ಕೋಣೆಯಲ್ಲಿ ಗಡಿಬಿಡಿ

ಲಾರಿಯವರೆಲ್ಲ ಅವನನ್ನು ಗಡಿಬಿಡಿ ಎಂದೇ ಕರೆಯುತ್ತಿದ್ದರು. ಕಾಲಿಗೆ ಚಕ್ರ ಕಟ್ಟಿಕೊಂಡು ಹುಟ್ಟಿದವನು. ಮನೆಗೆ ಬಂದರೂ ಬೂಟಿನ ದಾರ ಪೂರ್ತಿ ಬಿಚ್ಚುತ್ತಿರಲಿಲ್ಲ. ಅಂಥವನು ನಡುಚಳಿಗಾಲದಲ್ಲಿ ಲಾರಿಯಿಂದ ಇಳಿಯುವಾಗ ಜಾರಿ ಬಿದ್ದು ಕಾಲು ಮುರಿದುಕೊಂಡ. ಡಾಕ್ಟರು ತೊಡೆಯವರೆಗೂ ಪ್ಲಾಸ್ಟರ್ ಹಾಕಿ, "ಚಳಿ ಮುಗಿಯೋವರೆಗೂ ಲಾರಿ ಹೆಸರೆತ್ತಬೇಡಿ" ಎಂದು ಮನೆಗೆ ಕಳಿಸಿದರು.

ಮನೆಯಲ್ಲಿ ಬೆಚ್ಚಗಿದ್ದ ಕೋಣೆ ಒಂದೇ. ಅಲ್ಲಿ ಆಗಲೇ ಬೇರೆಯವರು ಬೀಡುಬಿಟ್ಟಿದ್ದರು. ಗೋಡೆಗೆ ಆನಿಸಿದ ಕಬ್ಬಿಣದ ರ್‍ಯಾಕಿನ ತುಂಬ ಮಣ್ಣು ಹಾಕಿದ ತಟ್ಟೆಗಳು. ಟೊಮೆಟೊ, ಬದನೆ, ಮೆಣಸಿನ ಸಸಿಗಳು. ಮೇಲೆ ಸರಪಳಿಯಲ್ಲಿ ತೂಗುಬಿಟ್ಟ ಉದ್ದನೆಯ ದೀಪಗಳು, ಅಡಿಯಲ್ಲಿ ಕರೆಂಟಿನಿಂದ ಬಿಸಿಯಾಗುವ ಹಾಸು, ಮೂಲೆಯಲ್ಲಿ ಮಣ್ಣಿನ ತೇವ ಆರಿಸುವ ಸಣ್ಣ ಫ್ಯಾನು.

"ಇದೇನೇ ಇದು? ಒಂದು ಆಸ್ಪತ್ರೆ ಬಿಟ್ಟು ಬಂದ್ರೆ ಇನ್ನೊಂದು ಆಸ್ಪತ್ರೆನಾ?"

"ಆಸ್ಪತ್ರೆ ಅಲ್ಲ ರೀ, ಬಾಣಂತಿ ಕೋಣೆ. ಸ್ವಲ್ಪ ಮೆಲ್ಲಗೆ ಮಾತಾಡಿ" ಎಂದಳು ಹೆಂಡತಿ.

ಅವಳದು ಬೀದಿಯ ತುದಿಯಲ್ಲಿ ಹೊಲಿಗೆ ಅಂಗಡಿ. ಮನೆಗಳ ಹಿಂದಿನ ಖಾಲಿ ಜಾಗದಲ್ಲಿ ಬೀದಿಯವರೆಲ್ಲ ಸೇರಿ ತರಕಾರಿ ಬೆಳೆಯುತ್ತಿದ್ದರು. ಅದಕ್ಕೆ ಸಸಿ ಎಬ್ಬಿಸಿಕೊಡುವುದು ವರ್ಷವೂ ಅವಳ ಪಾಲಿನ ಕೆಲಸ. ಮದುವೆಯಾಗಿ ಇಷ್ಟು ವರ್ಷವಾದರೂ ಅವನಿಗೆ ಇದು ಕೇಳಿ ಗೊತ್ತೇ ಹೊರತು ಕಂಡು ಗೊತ್ತಿರಲಿಲ್ಲ. ಚಳಿಗಾಲವೆಲ್ಲ ಅವನು ದೂರದ ರಸ್ತೆಗಳಲ್ಲಿರುತ್ತಿದ್ದ. ಟೊಮೆಟೊ ಕಂಡಿದ್ದು ಊಟದ ತಟ್ಟೆಗೆ ಬಿದ್ದ ಮೇಲೆಯೇ.

ಮೊದಮೊದಲು ಅವನಿಗೆ ಹೊಟ್ಟೆಕಿಚ್ಚು. ಅಂಗಡಿ ಮುಚ್ಚಿ ಬಂದವಳು ಕೋಟು ಕೂಡ ಬಿಚ್ಚದೆ ರ್‍ಯಾಕಿನ ಮುಂದೆ ಬಗ್ಗಿ, ಮಣ್ಣಿಗೆ ಬೆರಳಿಟ್ಟು ನೋಡಿ, "ಏನ್ರಪ್ಪಾ, ಬಾಯಾರಿಕೆನಾ?" ಎನ್ನುತ್ತಿದ್ದಳು. ಗಂಡನ ಸರದಿ ಆಮೇಲೆ.

"ನನ್ನನ್ನೂ ಆ ತಟ್ಟೇಲೇ ನೆಟ್ಬಿಡು. ಆಗಲಾದ್ರೂ ಮೊದಲು ಈ ಕಡೆ ನೋಡ್ತೀಯ."

"ನಿಮ್ಮನ್ನ ನೆಟ್ಟು ಏನ್ ಬಂತು? ಬೇರು ಬಿಡೋಕೆ ಮೊದಲೇ ಎದ್ದು ಓಡ್ತೀರ."

ಆದರೆ ಹಗಲಿಡೀ ಮಲಗಿದವನು ಎಷ್ಟು ಹೊತ್ತು ಸೂರು ನೋಡಿಯಾನು? ನೋಟ ರ್‍ಯಾಕಿಗೆ ಹೊರಳಿತು. ಮೆಣಸಿನ ಮೊಳಕೆಯೊಂದು ಬೀಜದ ಸಿಪ್ಪೆಯನ್ನು ಟೋಪಿಯಂತೆ ಹೊತ್ತು ಮೇಲೆದ್ದುದನ್ನು ಕಂಡು ಒಬ್ಬನೇ ನಕ್ಕ. ದೀಪ ಸಸಿಯಿಂದ ಗೇಣಿಗಿಂತ ಮೇಲಿರಬಾರದೆಂದು ಅವಳು ಹೇಳಿಕೊಟ್ಟಳು. "ಬೆಳಕು ದೂರ ಆದ್ರೆ ಹುಡುಕ್ಕೊಂಡು ಉದ್ದಕ್ಕೆ ಹೋಗ್ತಾವೆ. ಸೊಂಟದಲ್ಲಿ ಬಲ ಇರಲ್ಲ." ಆಮೇಲಿಂದ ಸರಪಳಿ ಏರಿಸಿ ಇಳಿಸುವುದು ಅವನ ಕೆಲಸವಾಯಿತು. ಊರುಗೋಲೂರಿ ನಿಂತು ಗೇಣು ಹಾಕಿ ಅಳೆಯುತ್ತಿದ್ದ.

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಪಾಪ, ಬಾಯಾರಿರಬೇಕು ಎಂದು ಅವಳಿಗೆ ಹೇಳದೆ ದಿನವೂ ಚೊಂಬುಗಟ್ಟಲೆ ನೀರು ಹೊಯ್ದ. ಗಾಳಿಗೆ ನಡುಗುತ್ತಿವೆ ಎಂದು ಫ್ಯಾನು ನಿಲ್ಲಿಸಿದ. ಒಂದು ಬೆಳಿಗ್ಗೆ ನೋಡಿದರೆ ಟೊಮೆಟೊ ಸಸಿಗಳೆಲ್ಲ ಬುಡ ಕೊಳೆತು ಸಾಲಾಗಿ ಮಲಗಿದ್ದವು. ಅಡುಗೆಮನೆಯಿಂದ ಬಂದ ಹೆಂಡತಿ ತಟ್ಟೆ ನೋಡಿ, ಬಿದ್ದ ಸಸಿಯೊಂದನ್ನು ಬೆರಳಿನಿಂದ ಎತ್ತಿದಳು.

"ನಾನೇ ಕಣೇ" ಎಂದ ಅವನು, ನೆಲ ನೋಡುತ್ತ. "ಒಳ್ಳೇದಾಗ್ಲಿ ಅಂತ ಮಾಡ್ದೆ."

"ಅತಿ ಮುದ್ದಿಂದ ಹೋದವು, ಬಿಡಿ. ಮೊದಲನೇ ವರ್ಷ ನಾನೂ ಹೀಗೇ ಮುಳುಗಿಸಿದ್ದೆ. ಕೂತ್ಕೊಂಡು ಅತ್ತಿದ್ದೆ."

"ನಂಗೆ ಹೇಳಲೇ ಇಲ್ಲ?"

"ನೀವೆಲ್ಲಿದ್ರಿ, ಹೇಳೋಕೆ?"

ಅವಳ ದನಿಯಲ್ಲಿ ಮುನಿಸಿರಲಿಲ್ಲ. ಅವಳು ಹೊಸ ಮಣ್ಣು, ಉಳಿದ ಬೀಜ ತಂದು ಹಾಸಿಗೆಯ ಮೇಲಿಟ್ಟಳು. ಆ ಸಲದ ಬಿತ್ತನೆ ಅವನ ಕೈಯಿಂದಲೇ ಆಯಿತು.

ಮರುಬಿತ್ತನೆ ಎರಡೆಲೆ ಬಿಟ್ಟಿತ್ತು. ಒಂದು ಮಧ್ಯಾಹ್ನ ಬಿರುಗಾಳಿ ಎದ್ದು ಎಲ್ಲೋ ಕಂಬ ಉರುಳಿ ಕರೆಂಟು ಹೋಯಿತು. ದೀಪ ಆರಿತು, ಹಾಸು ತಣ್ಣಗಾಯಿತು, ಕಿಟಕಿಯ ಸಂದಿಯಿಂದ ಚಳಿ ನುಗ್ಗಿತು. ಫೋನ್ ಮಾಡಿದರೆ ಹೆಂಡತಿ ಆ ಗಾಳಿಯಲ್ಲೇ ಓಡಿ ಬರುತ್ತಾಳೆಂದು ಅವನು ಮಾಡಲಿಲ್ಲ. ಕುಂಟುತ್ತ ಹೋಗಿ ಗ್ಯಾಸಿನ ಮೇಲೆ ನೀರು ಕಾಯಿಸಿ, ಬಾಟಲಿಗಳಿಗೆ ತುಂಬಿ, ಅವಕ್ಕೆ ಕಾಲುಚೀಲ ತೊಡಿಸಿದ. ನೆಲದ ಮೇಲೆ ಕೂತು ಒಂದೊಂದೇ ತಟ್ಟೆ ತೊಡೆಯ ಮೇಲಿಟ್ಟುಕೊಂಡು ತೆವಳಿ ಹಾಸಿಗೆ ಮುಟ್ಟಿಸಿದ. ಬಾಟಲಿಗಳ ನಡುವೆ ತಟ್ಟೆ ಜೋಡಿಸಿ, ಕುರ್ಚಿಗಳ ಮೇಲಿಂದ ರಜಾಯಿ ಹೊದಿಸಿ ಗುಡಾರ ಕಟ್ಟಿದ. ರಜಾಯಿ ನಡುವೆ ಜೋತುಬಿದ್ದಾಗ ತಾನೇ ಒಳಗೆ ಕೂತು ತಲೆಯನ್ನು ಕಂಬ ಮಾಡಿದ.

ಸಂಜೆ ಹೆಂಡತಿ ಏದುಸಿರು ಬಿಡುತ್ತ ಬಂದಳು. ರ್‍ಯಾಕು ಖಾಲಿ, ಹಾಸಿಗೆಯ ಮೇಲೊಂದು ಗುಡ್ಡ.

"ರೀ?"

"ಬಾಗಿಲು ಹಾಕೇ, ಮಕ್ಕಳಿಗೆ ಗಾಳಿ ತಾಗುತ್ತೆ!" ಎಂದಿತು ಗುಡ್ಡ.

ರಜಾಯಿ ಎತ್ತಿದರೆ ಮೀಸೆ ತುಂಬ ಮಣ್ಣು ಮೆತ್ತಿಕೊಂಡ ಗಂಡ. ಅವಳು ಹೊಟ್ಟೆ ಹಿಡಿದು ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು. ಆಮೇಲೆ ಚಪ್ಪಲಿ ಬಿಟ್ಟು ತಾನೂ ಒಳಗೆ ನುಸುಳಿದಳು. ಮಣ್ಣಿನ, ಎಳೆ ಎಲೆಯ ವಾಸನೆಯ ನಡುವೆ ಇಬ್ಬರೂ ಮಾತಿಗೆ ಬಿದ್ದರು. ಒಂಟಿಯಾಗಿ ಲಾರಿಯಲ್ಲಿ ಮಲಗುವಾಗ ಏನೇನು ನೆನಪಾಗುತ್ತದೆಂದು ಅವನು ಹೇಳಿದ. ಅವನ ಬಾಯಿಂದ ಅಂಥ ಮಾತು ಅವಳು ಕೇಳಿದ್ದು ಅದೇ ಮೊದಲು.

"ಕರೆಂಟ್ ಬಂತು ಅನ್ಸುತ್ತೆ" ಎಂದ ಎಷ್ಟೋ ಹೊತ್ತಿನ ಮೇಲೆ.

"ಬರ್ಲಿ ಬಿಡಿ" ಎಂದಳು ಅವಳು.

ಚಳಿಗೆ ಬಾಡಿದ ಒಂದೆರಡು ಮೆಣಸಿನ ಸಸಿ ಬಿಟ್ಟರೆ ಮಿಕ್ಕವೆಲ್ಲ ಉಳಿದವು. ಚಳಿ ಇಳಿಯಿತು, ಪ್ಲಾಸ್ಟರ್ ಬಿಚ್ಚಿದರು. ಅವನು ಲಾರಿ ಮಾಲೀಕನ ಬಳಿ ಹೋಗಿ, ಸಂಜೆಗೆ ಮನೆ ಮುಟ್ಟುವಂಥ ಹತ್ತಿರದ ರೂಟು ಕೇಳಿ ಪಡೆದ. ಸಸಿ ನೆಡುವ ದಿನ ಬೀದಿಯವರ ನಡುವೆ ಅವನೂ ಮಂಡಿಯೂರಿ ಗುಂಡಿ ತೋಡಿದ. ಪಕ್ಕದ ಮನೆಯಾಕೆ ಟೊಮೆಟೊ ಸಸಿಯ ಕುತ್ತಿಗೆ ಹಿಡಿದು ಎತ್ತಲು ಹೋದಾಗ, "ನಿಧಾನ ಅಕ್ಕ, ಬೇರಿನ ಕೆಳಗೆ ಕೈ ಕೊಡಿ" ಎಂದ. ಹೆಂಡತಿ ತಲೆ ಎತ್ತಿ ಅವನನ್ನೊಮ್ಮೆ ನೋಡಿ, ಇನ್ನೊಂದು ಸಸಿ ಅವನ ಕೈಗಿತ್ತಳು.